ಎಂಜಿನಿಯರನ ಚಿತ್ರ ಬರೆಸುವವರಿಗೆ ಕೆಲವು ಮಾತು

ಅಮೆರಿಕದ ಶಿಕ್ಷಣ ಸಂಶೋಧಕರಿಗೆ ಪ್ರಿಯವಾದ ಪರೀಕ್ಷೆಯೊಂದಿದೆ. ಹಾಳೆ ಕೊಟ್ಟು, ಕೆಲಸದಲ್ಲಿ ತೊಡಗಿರುವ ಎಂಜಿನಿಯರನ ಚಿತ್ರ ಬರೆಯಿರಿ ಎನ್ನುತ್ತಾರೆ. 1983ರಲ್ಲಿ ಡೇವಿಡ್ ಚೇಂಬರ್ಸ್ ಪ್ರಕಟಿಸಿದ್ದ ವಿಜ್ಞಾನಿಯ ಚಿತ್ರಪರೀಕ್ಷೆಯನ್ನು 2004ರಲ್ಲಿ ನೈಟ್ ಮತ್ತು ಕನ್ನಿಂಗ್‌ಹ್ಯಾಮ್ ಎಂಜಿನಿಯರನಿಗೆ ಹೊಂದಿಸಿದರು. ಇದರ ಜೊತೆಗೊಂದು ಚಿತ್ರಪಟ್ಟಿಯೂ ಉಂಟು. ಅದರಲ್ಲಿ ನೀರು ಶುದ್ಧಿಗೊಳಿಸುವುದನ್ನು ಗುರುತಿಸಿದರೆ ಸರಿ. ಕಾರು ರಿಪೇರಿಯನ್ನೋ ವಿದ್ಯುತ್ ತಂತಿ ಅಳವಡಿಸುವುದನ್ನೋ ಗುರುತಿಸಿದರೆ ಅದು ‘ತಪ್ಪು ಕಲ್ಪನೆ’.

ಈ ಅಳತೆಗೋಲನ್ನು ಟೆಕ್ಸಾಸಿನ ಹಿಸ್ಪಾನಿಕ್ ಶಿಕ್ಷಕ-ವಿದ್ಯಾರ್ಥಿನಿಯರ ಮುಂದೆ ಹಿಡಿಯುವುದನ್ನು ನಾನು ಒಪ್ಪಲಾರೆ. ಆ ದೇಶದ ಕಟ್ಟಡ ಕೆಲಸಗಾರರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಹಿಸ್ಪಾನಿಕರು. ತಂದೆ ಸಾರುವೆ ಏರುವುದನ್ನು ನೋಡಿ ಬೆಳೆದವಳು ಹೆಲ್ಮೆಟ್ ಧರಿಸಿದವನನ್ನು ಬರೆದರೆ, ಆಕೆ ಕಂಡದ್ದನ್ನು ಬರೆದಿದ್ದಾಳೆ. ವಿನ್ಯಾಸ ಬೇರೆ, ದುರಸ್ತಿ ಬೇರೆ ಎಂಬುದನ್ನು ಕಲಿಸಬೇಕು, ನಿಜ. ಆದರೆ ಕಲಿಸುವ ಮೊದಲೇ ಅಂಕ ಕಳೆಯುವುದು ಯಾವ ನ್ಯಾಯ ಸ್ವಾಮಿ?

ಭಾಷೆಯ ತೊಡಕೂ ಇದೆ. ಇಂಗ್ಲಿಷಿನ ಪದದಲ್ಲಿ ಎಂಜಿನ್ ಕೇಳಿಸುತ್ತದೆ. ಅಮೆರಿಕದಲ್ಲಿ ರೈಲು ಓಡಿಸುವವನೂ ಎಂಜಿನಿಯರನೇ. ಸ್ಪ್ಯಾನಿಷಿನ ‘ಇನ್‌ಹೆನಿಯೇರೊ’ ಪದದಲ್ಲಿ ಕೇಳಿಸುವುದು ‘ಇನ್‌ಹೇನಿಯೊ’, ಅರ್ಥಾತ್ ಜಾಣ್ಮೆ. ನಾವು ಡಾಕ್ಟರನ್ನು ‘ಡಾಕ್ಟ್ರೇ’ ಎಂದು ಕರೆಯುವಂತೆ ಮೆಕ್ಸಿಕೋದಲ್ಲಿ ಆ ಪದವನ್ನೇ ಗೌರವದಿಂದ ಹೆಸರಿನ ಹಿಂದೆ ಸೇರಿಸುತ್ತಾರೆ. ಹಾಗಾದರೆ ಆಕೆಯ ನಂಬಿಕೆಯನ್ನು ಯಾವ ಭಾಷೆಯಲ್ಲಿ ಕೇಳಬೇಕು?

ನ್ಯೂ ಮೆಕ್ಸಿಕೋದ ಹಳ್ಳಿಗಳಲ್ಲಿ ‘ಅಸೇಕಿಯಾ’ ಎಂಬ ಸಾಮೂಹಿಕ ಕಾಲುವೆಗಳಿವೆ. ಸ್ಪ್ಯಾನಿಷ್ ವಸಾಹತು ಕಾಲದಿಂದ ನಡೆದು ಬಂದವು. ವಸಂತದಲ್ಲಿ ಪಾಲುದಾರರೆಲ್ಲ ಸೇರಿ ಹೂಳು ತೆಗೆಯುತ್ತಾರೆ. ಸರದಿಯ ಪ್ರಕಾರ ನೀರು ಹಂಚುವವನು ‘ಮಯೊರ್ದೋಮೊ’. ನಮ್ಮ ಕೆರೆಗಳ ನೀರಗಂಟಿಯನ್ನು ಬಲ್ಲವರಿಗೆ ಈತ ಅಪರಿಚಿತನೆನಿಸಲಾರ. ನೆಲದ ಇಳಿಜಾರು, ಹರಿವಿನ ವೇಗ, ತೂಬಿನ ಎತ್ತರ, ಎಲ್ಲವೂ ಅವನ ಲೆಕ್ಕದಲ್ಲಿರಬೇಕು. ಇದನ್ನು ಎಂಜಿನಿಯರಿಂಗ್ ಎನ್ನಲು ಪಟ್ಟಿ ಮಾಡುವವರಿಗೆ ಏನು ಅಡ್ಡಿಯೋ ನಾನರಿಯೆ. ಮನೆಯ ಇಂಥ ತಿಳಿವನ್ನು ತರಗತಿಯ ಬಂಡವಾಳವಾಗಿಸಬೇಕೆಂದು ಅರಿಜೋನಾದ ಲೂಯಿಸ್ ಮೋಲ್ ಮತ್ತು ಸಂಗಡಿಗರು 1992ರಲ್ಲೇ ಬರೆದರು. ಓದಿದವರೆಷ್ಟೋ!

ಎಲ್ ಪಾಸೋದ ವಿಶ್ವವಿದ್ಯಾಲಯ 1914ರಲ್ಲಿ ಗಣಿ ಮತ್ತು ಲೋಹಶಾಸ್ತ್ರದ ಶಾಲೆಯಾಗಿ ಆರಂಭವಾಯಿತು. ಇಂದು ಅಲ್ಲಿನ ಐವರು ವಿದ್ಯಾರ್ಥಿಗಳಲ್ಲಿ ನಾಲ್ವರಿಗೂ ಹೆಚ್ಚು ಹಿಸ್ಪಾನಿಕರು. 2024ರಿಂದ ಟೆಕ್ಸಾಸಿನ ಪ್ರಾಥಮಿಕ ವಿಜ್ಞಾನ ಪಠ್ಯಕ್ರಮ ಎಂಜಿನಿಯರಿಂಗ್ ಅಭ್ಯಾಸಗಳನ್ನೂ ಶಿಶುವಿಹಾರದಿಂದಲೇ ಕೇಳುತ್ತದೆ. ಕಲಿಸಬೇಕಾದವಳ ತರಬೇತಿಯಲ್ಲಿ ಮಾತ್ರ ಎಂಜಿನಿಯರಿಂಗ್ ಒಂದು ಪ್ರತ್ಯೇಕ ವಿಷಯವಾಗಿರುವುದು ಅಪರೂಪ. ಕೊಡದ ಪಾಠಕ್ಕೆ ಪರೀಕ್ಷೆ! ಮೂರು ದಶಕ ಚಿಕ್ಕ ಮಕ್ಕಳಿಗೆ ಪಾಠ ಹೇಳಿದ ನಾನು ಇದನ್ನು ಸಂಶೋಧನೆಯೆಂದು ಗೌರವಿಸಲಾರೆ.

ಮೊದಲು ಆಕೆಯನ್ನು ಒಂದು ಸೆಮಿಸ್ಟರ್ ಎಂಜಿನಿಯರಿಂಗ್ ವಿಭಾಗಕ್ಕೆ ಕಳಿಸಿ. ಪಂಪು ಬಿಚ್ಚಿ ಜೋಡಿಸಲಿ, ಸೇತುವೆಯ ಮಾದರಿ ಕಟ್ಟಿ ಮುರಿಯಲಿ, ಮತ್ತೆ ಕಟ್ಟಲಿ. ಆಮೇಲೆ ಹಾಳೆ ಕೊಡಿ. ಆಗಲೂ ಆಕೆ ಹೆಲ್ಮೆಟ್ಟನ್ನೇ ಬರೆದರೆ, ಅಂಕ ಹಾಕುವ ಮುನ್ನ ಏಕೆಂದು ಕೇಳಿ.