ಪ್ರಕೃತಿ ಮುನಿಯಲಿಲ್ಲ ಸ್ವಾಮೀ...

ಮೊನ್ನೆ ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಒಂದು ಪ್ಲಾನ್ ಕಳಿಸಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ, ಐದು ಜನ ಗೆಳೆಯರು, ಒಂದು ಕಾರು. ಬೆಂಗಳೂರು, ಶಿರಾಡಿ ಘಾಟಿ, ಮರವಂತೆ, ಗೋಕರ್ಣ, ಕಾರವಾರ. ವಾಪಸ್ ಬರುವಾಗ ಅಂಕೋಲಾದಿಂದ ಅರಬೈಲ್ ಘಾಟಿ ಹತ್ತಿ ಯಲ್ಲಾಪುರ. "ಈಗ ಫೋರ್ ಲೇನ್ ಅಲ್ವಾ ಅಣ್ಣ, ಎರಡೇ ದಿನದಲ್ಲಿ ಮುಗಿಸ್ತೀವಿ" ಅಂದ. ಮುಗಿಸೋದು! ಕರಾವಳಿಯೇನು ಸೆಮಿಸ್ಟರ್ ಸಿಲಬಸ್ಸಾ? ಬೈಯೋಣ ಅಂತ ಹೊರಟವನು ಸುಮ್ಮನಾದೆ. 2018ರ ಡಿಸೆಂಬರಿನಲ್ಲಿ ಇದೇ ರೂಟನ್ನು ನಾವೂ ಹೀಗೇ "ಮುಗಿಸಿದ್ದೆವು".

ಆ ವರ್ಷದ ಆಗಸ್ಟಿನಲ್ಲಷ್ಟೇ ಶಿರಾಡಿ ಕುಸಿದು, ತೇಪೆ ಹಾಕಿಸಿಕೊಂಡು ನಿಂತಿತ್ತು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ನಾವು ಹಲ್ಲು ಕಿರಿದು ನಿಂತ ಫೋಟೋ (ನಿಮ್ಮ ಹತ್ತಿರವೂ ಅಂಥದ್ದೊಂದು ಇದ್ದೇ ಇರುತ್ತೆ ಬಿಡಿ). ಕುಮಟಾ ದಾಟಿ ಅಂಕೋಲಾ ಕಡೆ ಹೋಗುವಾಗ ರಸ್ತೆ ಕೆಲಸ ನಡೀತಿತ್ತು. ಗುಡ್ಡವನ್ನು ಕೇಕು ಕೊಯ್ದ ಹಾಗೆ ನೆಟ್ಟಗೆ ಕೊಯ್ದಿದ್ದರು, ಕೆಂಪಗೆ. ಅಂಥದ್ದೇ ಒಂದು ಗುಡ್ಡದ ಬುಡದಲ್ಲಿ ಟೀ ಕುಡಿದೆವು. ಎದುರಿಗೆ ನದಿ. "ರೋಡು ಬೇಗ ಆದ್ರೆ ಸಾಕಪ್ಪ" ಅಂದವನು ನಾನೇ.

2024ರ ಜುಲೈ 16ರಂದು ಶಿರೂರಿನಲ್ಲಿ (ಉಡುಪಿ ಜಿಲ್ಲೆಯದ್ದಲ್ಲ, ಅಂಕೋಲಾ ತಾಲೂಕಿನದು) ಗುಡ್ಡ ಜಾರಿತು. ಹೆದ್ದಾರಿ ಪಕ್ಕದ ಟೀ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಲಾರಿ, ಟ್ಯಾಂಕರು, ಎಲ್ಲವನ್ನೂ ಮಣ್ಣು ಗಂಗಾವಳಿಗೆ ತಳ್ಳಿತು. ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಕೇರಳದ ಲಾರಿ ಡ್ರೈವರ್ ಒಬ್ಬರ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಾವು ಟೀ ಕುಡಿದದ್ದು ಅದೇ ಅಂಗಡಿಯಲ್ಲಾ? ನೆನಪಿಲ್ಲ. ನೆನಪಿಟ್ಟುಕೊಳ್ಳುವಷ್ಟು ಹೊತ್ತು ನಾವಲ್ಲಿ ನಿಂತಿರಲೇ ಇಲ್ಲ.

ಇಂಥದ್ದಾದಾಗಲೆಲ್ಲ "ಪ್ರಕೃತಿ ಮುನಿದಳು" ಅಂತಾರಲ್ಲ, ನನಗೆ ಮೈ ಉರಿಯೋದು ಅದಕ್ಕೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸು, ಆದ್ರೆ ಹಾಸ್ಟೆಲಿನ ರೂಮ್‌ಮೇಟ್ ಸಿವಿಲ್. ಅವನು ಹೇಳಿದ್ದು ಇಷ್ಟು: ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗಟ್ಟಿ, ನೆಟ್ಟಗೆ ಕಡಿದರೂ ನಿಲ್ಲುತ್ತೆ. ಚಿರೆಕಲ್ಲಿನ ತೂತುಗಳಿಂದ ಮಳೆನೀರು ಇಳಿದು ಬಂತೋ, ಸತ್ವ ಕಳಕೊಂಡು ಜಾರುತ್ತೆ. ಕಡಿಯಲೇಬೇಕಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ನೀರಿಗೆ ದಾರಿ ಮಾಡಬೇಕು, ಬುಡಕ್ಕೆ ಗೋಡೆ ಕಟ್ಟಬೇಕು. ಜಾಗ, ದುಡ್ಡು, ಟೈಮು ಮೂರೂ ಜಾಸ್ತಿ ಬೇಕು. ಮೂರನ್ನೂ ಉಳಿಸಿ ಆಮೇಲೆ ಮಳೆಯ ತಲೆಗೆ ಕಟ್ಟೋದು, ಟೆಸ್ಟಿಂಗ್ ಮಾಡದೇ ರಿಲೀಸ್ ಮಾಡಿ, ಸರ್ವರ್ ಬಿದ್ದಾಗ "ಯೂಸರ್ಸ್ ಜಾಸ್ತಿ ಬಂದ್ಬಿಟ್ರು" ಅಂದ ಹಾಗೆ. ಕರಾವಳಿಯಲ್ಲಿ ಜುಲೈನಲ್ಲಿ ಮಳೆ ಬರುತ್ತೆ ಅಂತ ಯಾರಿಗೆ ಗೊತ್ತಿರಲಿಲ್ಲ ಮಾರಾಯ್ರೆ?

ಅಂಕೋಲಾದ ಗೆಳೆಯನೊಬ್ಬ ನನಗೆ ಸರಿಯಾಗಿ ಬೈದ. "ನಿಮಗೆ ಟ್ರಿಪ್ಪು, ನಮಗೆ ಆಂಬ್ಯುಲೆನ್ಸು. ಎದೆನೋವು ಬಂದ್ರೆ ಮಣಿಪಾಲಕ್ಕೆ ಓಡಬೇಕು." ನಿಜ, ಒಪ್ಪಿದೆ. ರಸ್ತೆ ಬೇಡ ಅನ್ನೋಕೆ ವೀಕೆಂಡ್ ಗಿರಾಕಿ ನಾನ್ಯಾರು? ಆದರೆ ಗುಡ್ಡ ಬಿದ್ದು ದಿನಗಟ್ಟಲೆ ಹೆದ್ದಾರಿ ಬಂದ್ ಆಗಿತ್ತಲ್ಲ, ಆಗ ಆಂಬ್ಯುಲೆನ್ಸಿಗೆ ಏನು ದಾರಿ?

ಆ ಡ್ರೈವರ್ ದೇಹ ಸಿಕ್ಕ ವಾರವೇ ನಮ್ಮ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿ ಬೇಡ ಅಂದಿತು. ವರದಿಯಲ್ಲಿ ತಪ್ಪುಗಳಿರಬಹುದು, ಮಲೆನಾಡಿನವರ ಭಯವೂ ಸುಳ್ಳಲ್ಲ. ಹಾಗಾದ್ರೆ ಬದಲಿಗೆ ಏನು? ನಮ್ಮಂಥ ಟ್ರಿಪ್ ವೀರರಂತೂ ಕೇಳಲಿಲ್ಲ. ನಾವು ಮ್ಯಾಪಿನಲ್ಲಿ ಎಷ್ಟು ನಿಮಿಷ ಉಳೀತು ಅಂತ ನೋಡ್ತಾ ಇದ್ವಿ.

ತಮ್ಮನಿಗೆ ಹೇಳಿದೆ: ಮಳೆಗಾಲ ಕಳೀಲಿ, ನಾಲ್ಕು ದಿನ ಇಟ್ಕೊಂಡು ಹೋಗು, ಶಿರೂರಿನಲ್ಲಿ ಗಾಡಿ ನಿಲ್ಲಿಸು. "ಅಲ್ಲಿ ನೋಡೋಕೆ ಏನಿದೆ ಅಣ್ಣ?" ಅಂದ. ಆ ಗುಡ್ಡ ಮೊದಲು ಹೇಗಿತ್ತು ಅಂತ ತೋರಿಸೋಣ ಅಂತ ಹಳೇ ಲ್ಯಾಪ್‌ಟಾಪ್ ಹುಡುಕಿದೆ. ಇರೋದೆಲ್ಲ ನಮ್ಮ ಮುಖಗಳೇ. ಉತ್ತರ ಕನ್ನಡದ ಕಡೆಯವರು ಯಾರಾದರೂ ಇದನ್ನು ಓದ್ತಾ ಇದ್ದರೆ, ಕಡಿಯೋಕೆ ಮುಂಚಿನ ಫೋಟೋ ನಿಮ್ಮಲ್ಲಿದ್ದರೆ ದಯವಿಟ್ಟು ಕಳಿಸಿ.