ಲಂಡನ್ನಿನಲ್ಲಿ ನಮ್ಮ ದಂಡಿನ ಕುರುಹುಗಳು

ದೇಶಾಟನವು ಮನುಷ್ಯನಿಗೆ ಚಾತುರ್ಯವನ್ನುಂಟುಮಾಡುವುದೆಂದು ನಮ್ಮ ಹಿರಿಯರು ಎಣಿಸಿದ್ದರು. ಆದರೆ ಈಚೆಗೆ ವಿದೇಶಯಾತ್ರೆಯಿಂದ ಹಿಂದಿರುಗಿದ ಗೃಹಸ್ಥರು ನಮಗೆ ತೋರಿಸುವ ಛಾಯಾಚಿತ್ರಗಳನ್ನು ನೋಡಿದರೆ, ಆ ಎಣಿಕೆಯಲ್ಲಿ ಸ್ವಲ್ಪ ಸಂದೇಹವುಂಟಾಗುವುದು. ಚಿತ್ರಗಳು ಸಾವಿರವಿದ್ದರೂ ಪ್ರತಿಯೊಂದರಲ್ಲಿಯೂ ಇರತಕ್ಕದ್ದು ಯಜಮಾನರ ಮುಖ. ಅದರ ಹಿಂದೆ ಬೆರಳುದ್ದದ ಒಂದು ಗೋಪುರ. ಆ ಗೋಪುರವು ಲಂಡನ್ನಿನದೋ ಪ್ಯಾರಿಸಿನದೋ ಎಂದು ಕೇಳಿದರೆ ಮನೆಯವರೊಳಗೇ ವಾಗ್ವಾದವು ಹುಟ್ಟುತ್ತದೆ.

ಇದಕ್ಕಾಗಿ ಯಾತ್ರಿಕರನ್ನು ಹಳಿಯುವುದು ನ್ಯಾಯವಲ್ಲ. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಪ್ರವಾಸದ ಕಂಪನಿಯವರೇ ಸಿದ್ಧಪಡಿಸಿ ಕೊಡುತ್ತಾರೆ; ಜಪಾನಿನವರಿಗೂ ನಮಗೂ ಅದೇ ಪಟ್ಟಿ. ಆದರೆ ಬೆಂಗಳೂರಿನ ದಂಡಿನ ಕಡೆಯವರಿಗೆ, ಎಂದರೆ ಶಿವಾಜಿನಗರ, ಹಲಸೂರು, ಅವುಗಳಾಚೆಗಿನ ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ವಾಸಮಾಡುವವರಿಗೆ, ಲಂಡನ್ ಪಟ್ಟಣವು ಅಷ್ಟೊಂದು ಅಪರಿಚಿತವಾದುದಲ್ಲ. ನಮ್ಮ ಬೀದಿಗಳ ಚರಿತ್ರೆಯ ಹಲವು ಪುಟಗಳು ಆ ಊರಿನಲ್ಲಿಯೇ ಇವೆ.

2018ನೆಯ ಇಸವಿಯ ಮೇ ತಿಂಗಳಿನಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿ ಉದ್ಯೋಗದಲ್ಲಿದ್ದ ನನ್ನ ತಮ್ಮನ ಮನೆಗೆ ಹೋಗಿ ಮೂರು ವಾರ ಇದ್ದೆವು. ಅವನ ಮಗಳಿಗೆ ಆಗ ಹತ್ತು ವರ್ಷ. ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ. “ಅವಳಿಗೆ ಕನ್ನಡವೇನೋ ಬರುತ್ತದೆ, ಅಣ್ಣಾ; ಆದರೆ ಊರು ಎಂದರೆ ಏನೆಂಬುದು ತಿಳಿಯದು. ಕೇಳಿದರೆ ವಿಮಾನ ಇಳಿಯುವ ಜಾಗವೆನ್ನುತ್ತಾಳೆ” ಎಂದು ತಮ್ಮನು ಮೊದಲನೆಯ ರಾತ್ರಿಯೇ ಹೇಳಿದನು. ನಗುತ್ತ ಹೇಳಿದನಾದರೂ ಅದು ನಗುವ ಮಾತಾಗಿರಲಿಲ್ಲ. ಮರುದಿನದಿಂದ ಆ ಹುಡುಗಿಯೇ ನಮಗೆ ಮಾರ್ಗದರ್ಶಕಳಾದಳು.

ಚಿತ್ರ ತೆಗೆಯುವ ಹವ್ಯಾಸವುಳ್ಳವರಿಗೆ ಒಂದು ಮಾತು. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಅಂಶ ಉತ್ತರಕ್ಕಿದೆ. ಲಂಡನ್ನು ಐವತ್ತೊಂದೂವರೆ ಅಂಶ. ಇಲ್ಲಿ ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ನಿಂತು, ನಡುಹಗಲಿನ ಚಿತ್ರಗಳಲ್ಲಿ ಕಣ್ಣುಗಳನ್ನು ಗುಳಿಗಳನ್ನಾಗಿ ಮಾಡುತ್ತಾನೆ. ಅಲ್ಲಿ ಅವನು ನೆತ್ತಿಗೆ ಏರುವುದೇ ಇಲ್ಲ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಹೊತ್ತಿನವರೆಗೂ ಓರೆಯಾದ ಬೆಳಕು ಬೀಳುತ್ತಿದ್ದು, ಕಲ್ಲಿನ ಕೆತ್ತನೆಯ ಒಂದೊಂದು ಗೆರೆಯೂ ಎದ್ದು ಕಾಣುವುದು. ಬಿಸಿಲಿದ್ದಾಗ ಕಟ್ಟಡಗಳನ್ನೂ ಮೋಡವಿದ್ದಾಗ ಮುಖಗಳನ್ನೂ ತೆಗೆಯುವುದು ಉತ್ತಮ. ಮೋಡಕ್ಕೆ ಅಲ್ಲಿ ಎಂದೂ ಬರವಿಲ್ಲ.

ಮೊದಲು ಪಾರ್ಲಿಮೆಂಟಿನ ಪ್ರಸಿದ್ಧವಾದ ಗಡಿಯಾರದ ಗೋಪುರಕ್ಕೆ ಹೋದೆವು. 2017ರಿಂದ 2022ರ ವರೆಗೆ ಅದರ ಜೀರ್ಣೋದ್ಧಾರವು ನಡೆಯಿತು. ನಾವು ಹೋದಾಗ ಗಡಿಯಾರದ ಮುಖವೊಂದನ್ನು ಬಿಟ್ಟು ಉಳಿದುದೆಲ್ಲ ಸಾರುವೆಯೊಳಗೆ ಮುಚ್ಚಿಹೋಗಿತ್ತು. “ಸಾರುವೆ ನೋಡುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೆ? ಮೆಟ್ರೋ ಕಟ್ಟುವಾಗ ನಮ್ಮ ಹಲಸೂರಿನಲ್ಲೇ ಬೇಕಾದಷ್ಟು ನೋಡಿದೆವಲ್ಲ” ಎಂದು ಮನೆಯವರು ಹೇಳಿದರು. ಎದುರಿನ ಪಾರ್ಲಿಮೆಂಟ್ ಚೌಕದಲ್ಲಿ ಚರ್ಚಿಲ್ಲನ ವಿಗ್ರಹವಿದೆ. 1896ರಲ್ಲಿ ಈತನು ಕುದುರೆಯ ದಂಡಿನ ಅಧಿಕಾರಿಯಾಗಿ ನಮ್ಮ ಕಂಟೋನ್ಮೆಂಟಿಗೆ ಬಂದು, ಮಧ್ಯಾಹ್ನದ ಬಿಸಿಲಿನಲ್ಲಿ ಬಂಗಲೆಯೊಳಗೆ ಕುಳಿತು ಗಿಬ್ಬನ್ನನ ರೋಮ್ ಚರಿತ್ರೆಯನ್ನು ಓದಿದವನು. ಅದೇ ಚೌಕದಲ್ಲಿ 2015ರಿಂದ ಗಾಂಧಿಯವರೂ ನಿಂತಿದ್ದಾರೆ. ಜೀವಿಸಿದ್ದಾಗ ಚರ್ಚಿಲ್ಲನು ಗಾಂಧಿಯವರನ್ನು ಎಷ್ಟು ಹೀನೈಸಿದನೆಂಬುದನ್ನು ಬಲ್ಲವರಿಗೆ ಈ ನೆರೆಹೊರೆಯು ವಿನೋದವಾಗಿ ತೋರದಿರದು. ಇಬ್ಬರನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಯತ್ನಿಸಿದೆ. ನಡುವೆ ಜನಸಂದಣಿಯು ಹೆಚ್ಚಾಗಿತ್ತು.

ಅರಮನೆಯ ಮುಂದಿನ ವಿಕ್ಟೋರಿಯಾ ರಾಣಿಯ ಸ್ಮಾರಕವನ್ನು ಎಲ್ಲರೂ ನೋಡುತ್ತಾರೆ. ಅದನ್ನು ಕಡೆದವನು ಥಾಮಸ್ ಬ್ರಾಕ್; 1911ರಲ್ಲಿ ಅನಾವರಣ ಮಾಡಿದವನು ಐದನೆಯ ಜಾರ್ಜ್ ದೊರೆ. ನಮ್ಮ ಕಬ್ಬನ್ ಪಾರ್ಕಿನ ಅಂಚಿನಲ್ಲಿ ನಿಂತಿರುವ ಅಮೃತಶಿಲೆಯ ರಾಣಿಯನ್ನು ಕಡೆದವನೂ ಅದೇ ಬ್ರಾಕ್. 1906ನೆಯ ಫೆಬ್ರವರಿ 5ರಂದು ಅದರ ತೆರೆಯನ್ನು ಸರಿಸಿದವನೂ ಆಗಿನ್ನೂ ಯುವರಾಜನಾಗಿದ್ದ ಅದೇ ಜಾರ್ಜ್. ಅಲ್ಲಿ ಅವಳು ಕುಳಿತಿದ್ದಾಳೆ, ಇಲ್ಲಿ ನಿಂತಿದ್ದಾಳೆ. ಇದನ್ನು ಹೇಳಿದಾಗ ಹುಡುಗಿಯು ನಂಬಲಿಲ್ಲ. “ನಿಮ್ಮ ಊರಿನಲ್ಲಿಯೂ ಇವಳು ಇದ್ದಾಳೆಯೆ, ದೊಡ್ಡಪ್ಪ? ಪಟ ಕಳುಹಿಸಿದರೆ ಮಾತ್ರ ನಂಬುತ್ತೇನೆ” ಎಂದಳು. ‘ನಿಮ್ಮ ಊರು’ ಎಂಬ ಮಾತು ಮನಸ್ಸಿಗೆ ನಾಟಿತು; ನಾನೇನೂ ಆಡಲಿಲ್ಲ.

ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶಧನವಿಲ್ಲ. ಟಿಪ್ಪು ಸುಲ್ತಾನನ ಮರದ ಹುಲಿಯನ್ನು ನಾವು ಕಂಡದ್ದು ಅಲ್ಲಿ. ಉದ್ದವು ಸುಮಾರು ಆರಡಿ. ಕೆಳಗೆ ಬಿದ್ದಿರುವ ಯೂರೋಪಿಯನ್ನನೊಬ್ಬನ ಕಂಠಕ್ಕೆ ಅದು ಬಾಯಿ ಹಾಕಿದೆ. ಪಕ್ಕೆಯ ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಿಕೆಯೂ ಕೇಳಿಸುವಂತೆ ಒಳಗೆ ತಿದಿಗಳನ್ನೂ ಕೊಳವೆಗಳನ್ನೂ ಇಟ್ಟಿದ್ದಾರೆ. ಗಾಜಿನ ಪೆಟ್ಟಿಗೆಯೊಳಗಿನ ವಸ್ತುವನ್ನು ಚಿತ್ರಿಸುವಾಗ ನಮ್ಮ ಪ್ರತಿಬಿಂಬವೇ ಅಡ್ಡ ಬರುವುದು. ನಾನು ಹೊದ್ದಿದ್ದ ಕಪ್ಪು ಶಾಲನ್ನು ಹುಡುಗಿಯು ನನ್ನ ಹಿಂದೆ ಪರದೆಯಂತೆ ಹಿಡಿದಳು. ಮೊಬೈಲನ್ನು ಗಾಜಿಗೆ ತಾಗುವಷ್ಟು ಸಮೀಪಕ್ಕೆ ತಂದು ತೆಗೆದೆನು. ಚಿತ್ರವು ನಿರ್ಮಲವಾಗಿ ಬಂದಿದೆ.

“ಇದು ಯಾರದು, ದೊಡ್ಡಪ್ಪ?”

“ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನದು.”

“ಹಾಗಾದರೆ ಇಲ್ಲಿ ಯಾಕಿದೆ?”

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದುದನ್ನೂ, ಅರಮನೆಯ ಸೊತ್ತನ್ನು ಗೆದ್ದವರು ಹಂಚಿಕೊಂಡುದನ್ನೂ, 1808ರಲ್ಲಿ ಈ ಹುಲಿಯನ್ನು ಲಂಡನ್ನಿನ ಕಂಪನಿಯ ಕಚೇರಿಯಲ್ಲಿ ಜನರಿಗೆ ತೋರಿಸಲಾರಂಭಿಸಿದುದನ್ನೂ ಹೇಳಿದೆನು. ಅದರ ಮರುವರ್ಷವೇ, ಎಂದರೆ 1809ರಲ್ಲಿ, ಶ್ರೀರಂಗಪಟ್ಟಣದ ಜ್ವರದ ಹವೆಯನ್ನು ತಾಳಲಾರದೆ ಇಂಗ್ಲಿಷರ ದಂಡು ಹಲಸೂರಿನ ಬಳಿಗೆ ಬಂದು ಬೀಡುಬಿಟ್ಟಿತು. ದಂಡಿನ ಹಿಂದೆ ವರ್ತಕರು, ಅಗಸರು, ಬಾಣಸಿಗರು ಬಂದರು. ಬೀದಿಗಳೂ ಇಗರ್ಜಿಗಳೂ ಪೇಟೆಗಳೂ ಆದವು. ನಮ್ಮ ಮನೆಯ ಬೀದಿಯು ಹುಟ್ಟಿದ್ದು ಹೀಗೆ. ಅದೇ ಯುದ್ಧವು ಹುಲಿಯನ್ನು ಇತ್ತ ಕಳುಹಿಸಿತು, ದಂಡನ್ನು ಅತ್ತ ತಂದಿತು ಎಂದೆನು.

ಹುಡುಗಿಯು ಬಹಳ ಹೊತ್ತು ನೋಡಿ, “ಗೆದ್ದವರು ತೆಗೆದುಕೊಂಡು ಹೋಗಬಹುದೆ? ನಮ್ಮ ಶಾಲೆಯಲ್ಲಿ ಹಾಗೆ ಮಾಡಿದರೆ ವಾಪಸು ಕೊಡಿಸುತ್ತಾರೆ” ಎಂದಳು.

ಹಿಂದಕ್ಕೆ ಬರತಕ್ಕದ್ದೆಂದೇ ನನ್ನ ಮತವೂ. ಅಲ್ಲಿದ್ದುದರಿಂದಲೇ ಅದು ಸುರಕ್ಷಿತವಾಗಿ ಉಳಿಯಿತೆನ್ನುವವರಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಹೊಡೆತದಿಂದ ಛಾವಣಿ ಕುಸಿದು ಅದೇ ಹುಲಿಯು ಚೂರುಚೂರಾಗಿ, ಬಳಿಕ ಜೋಡಿಸಲ್ಪಟ್ಟಿತೆಂಬುದನ್ನು ಅವರು ಮರೆತಿರಬೇಕು. ಆದರೂ ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನಮ್ಮ ಊರುಗಳಲ್ಲಿ ಕಣ್ಣಾರೆ ಕಂಡ ನಾನು ಈ ವಾದವನ್ನು ತೀರ ಏರಿದ ಸ್ವರದಲ್ಲಿ ಮಾಡಲಾರೆನು. ಹುಡುಗಿಗೆ ಎರಡನ್ನೂ ಹೇಳಿದೆ.

ಕಡೆಯ ದಿನ ಥೇಮ್ಸ್ ನದಿಯ ದಡದಲ್ಲಿ, ಲ್ಯಾಂಬೆತ್ ಸೇತುವೆಯ ಸಮೀಪದ ಬಸವೇಶ್ವರರ ವಿಗ್ರಹಕ್ಕೆ ಹೋದೆವು. ಲ್ಯಾಂಬೆತ್ತಿನ ಮೇಯರರಾಗಿದ್ದ ಕನ್ನಡಿಗರಾದ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಇದನ್ನು 2015ನೆಯ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಕಾವ್ಯ ವ್ಯಾಕರಣಗಳ ಸಂಸ್ಕೃತದಲ್ಲಿಯೇ ಬೆಳೆದ ನನಗೆ, ಅದನ್ನು ಬದಿಗಿಟ್ಟು ಜನರ ನುಡಿಯಲ್ಲಿ ಮಾತನಾಡಿದವರೊಬ್ಬರು ಅಷ್ಟು ದೂರದಲ್ಲಿ ಕಾಣಿಸಿದುದು ಎಂತಹ ಸಂತೋಷವೆಂಬುದನ್ನು ಬರೆಯಲಾರೆನು. ಮೂರು ವಾರವೂ ಪಟಕ್ಕೆ ನಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದ ಮನೆಯವರು, “ಇಲ್ಲಿ ಮಾತ್ರ ಎಲ್ಲರೂ ನಿಂತುಕೊಳ್ಳೋಣ” ಎಂದು ಸೆರಗು ಸರಿಪಡಿಸಿಕೊಂಡರು. ದಾರಿಹೋಕರೊಬ್ಬರು ಚಿತ್ರ ತೆಗೆದುಕೊಟ್ಟರು.

ಬೆಂಗಳೂರಿಗೆ ಬಂದು ಇಪ್ಪತ್ತು ಚಿತ್ರಗಳನ್ನು ಮಾತ್ರ ಆರಿಸಿ, ಶಿವಾಜಿನಗರದಲ್ಲಿ ಕಾಗದದ ಮೇಲೆ ಅಚ್ಚುಹಾಕಿಸಿ, ಪ್ರತಿಯೊಂದರ ಬೆನ್ನಿಗೆ ಸ್ಥಳ, ದಿನ, ಸಂಗತಿಗಳನ್ನು ಬರೆದಿಟ್ಟೆನು. ವಿಕ್ಟೋರಿಯಾ ರಾಣಿಯ ಪಟವನ್ನು ಹುಡುಗಿಗೆ ಕಳುಹಿಸಿದ್ದಾಯಿತು. ಅದಕ್ಕೆ ಬಂದ ಉತ್ತರದಲ್ಲಿ ರಾಣಿಯ ವಿಷಯವಾಗಿ ಒಂದೇ ಸಾಲಿತ್ತು. “ದೊಡ್ಡಪ್ಪ, ಸಿಪಾಯಿಗಳು ಬಂದು ಇಳಿದರಲ್ಲ, ನಮ್ಮ ಹಲಸೂರು, ಅದರ ಪಟವನ್ನು ಯಾವಾಗ ಕಳುಹಿಸುತ್ತೀರಿ?” ಎಂದು ಬರೆದಿದ್ದಳು. ಮರುದಿನ ಬೆಳಗ್ಗೆ ಬಿಸಿಲು ಏರುವುದಕ್ಕೆ ಮುಂಚೆಯೇ ಸೋಮೇಶ್ವರನ ಗುಡಿಯ ಗೋಪುರದ ಮುಂದೆ ಹೋಗಿ ನಿಂತೆನು.