ಗಾಡಿಯೇ ಮನೆಯಾದಾಗ ಕರೆಂಟಿನ ಲೆಕ್ಕ

ಯುಗಾದಿ ಹತ್ತಿರ ಬಂತೆಂದರೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ನಮ್ಮ ಗೊಬ್ಬೂರಿನ ಬಂಧುಬಳಗದ್ದೂ ಒಂದು ಗುಂಪಿದೆ. ನಡೆಯುವವರು ಮುಂದೆ, ಅಕ್ಕಿ, ರೊಟ್ಟಿ, ನೀರಿನ ಕ್ಯಾನು, ಹಾಸಿಗೆ ಹೊತ್ತ ಕಾಕಾನ ಟೆಂಪೊ ಹಿಂದೆ. ಹತ್ತಾರು ದಿನ ಅದೇ ಅಡುಗೆಮನೆ, ಅದೇ ಪಡಸಾಲೆ. ಪೇಟೆಯವರು ಇಂಥದ್ದನ್ನು ಮೋಟರ್‌ಹೋಮ್, ಕ್ಯಾರವಾನ್ ಅಂತಾರೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ನಮ್ಮ ಕಾಕಾಗೆ ಯಾವ ನೀತಿಯ ಸುದ್ದಿಯೂ ಗೊತ್ತಿಲ್ಲ, ಆದರೆ ಗಾಡಿಯಲ್ಲಿ ಸಂಸಾರ ಹೂಡುವುದು ಚೆನ್ನಾಗಿ ಗೊತ್ತು.

ಹಿಂದೆ ಎತ್ತಿನ ಬಂಡಿಗೆ ಒಂದು ಕಂದೀಲು ಸಾಕಿತ್ತು. ಈಗ ಐದಾರು ಮೊಬೈಲು, ಎರಡು ಫ್ಯಾನು, ಲೈಟು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಾಕಾನ ಇನ್ಸುಲಿನ್‌ಗೆ ಒಂದು ಸಣ್ಣ ಫ್ರಿಜ್ ಬೇಕು. ಸಕ್ಕರೆ ಕಾಯಿಲೆಯಿಂದ ಅವರಿಗೆ ನಡೆಯಲಾಗುವುದಿಲ್ಲ. ಗಾಡಿ ಜೊತೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ.

ಹೋದ ಸಲ ಎರಡನೇ ರಾತ್ರಿಯೇ ಆ ಫ್ರಿಜ್ ಬಂದ್ ಆಯಿತು. ಬೆಳಗ್ಗೆ ಕಾಕಿ ಬಾಗಿಲು ತೆಗೆದರೆ ಒಳಗೆಲ್ಲ ಬೆಚ್ಚಗೆ. ಒಡೆಯದ ಇನ್ಸುಲಿನ್ ಬಾಟಲಿಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಅವು ಎಷ್ಟು ಹೊತ್ತು ಎಷ್ಟು ಬಿಸಿಯಾಗಿದ್ದವು ಎಂದು ಯಾರಿಗೆ ಗೊತ್ತು? ಅವನ್ನು ಎಸೆದು, ಮುಂದಿನ ಊರಿನ ಔಷಧ ಅಂಗಡಿ ಹುಡುಕಿ ಹೊಸದು ತರುವ ಹೊತ್ತಿಗೆ ಒಂದು ಡೋಸ್ ತಪ್ಪಿತ್ತು, ಸಕ್ಕರೆ ಏರಿತ್ತು. ದಾರಿಯಲ್ಲಿ ನೋಡಿದ ಮೆಕ್ಯಾನಿಕ್ "ಬ್ಯಾಟ್ರಿ ಹೋಗ್ಯಾದ, ಹೊಸದು ಹಾಕ್ರಿ" ಅಂದನಂತೆ.

ಬ್ಯಾಟರಿ ಹೋಗಿರಲಿಲ್ಲ. ನಾನು ರಜೆಗೆ ಬೆಂಗಳೂರಿಂದ ಬಂದಾಗ ಮಲ್ಟಿಮೀಟರ್ ಹಿಡಿದು ನೋಡಿದೆ. ಬ್ಯಾಟರಿಯ ತುದಿಯಲ್ಲಿ 12.5 ವೋಲ್ಟ್. ಫ್ರಿಜ್ ಶುರುವಾಗುವ ಗಳಿಗೆಯಲ್ಲಿ ಅದರ ಪ್ಲಗ್ಗಿನಲ್ಲಿ 11.2. ಈ ಫ್ರಿಜ್ 11.4ಕ್ಕಿಂತ ಕೆಳಗೆ ಇಳಿದರೆ ತಾನೇ ಆಫ್ ಆಗುವಂತೆ ಸೆಟ್ ಆಗಿತ್ತು. ನಡುವಿನ ವೋಲ್ಟು ಎಲ್ಲಿ ಹೋಯಿತು? ಮನೆಯ ಬಲ್ಬಿಗೆ ಎಳೆಯುವ ತೆಳ್ಳನೆ ವೈರು, ಅದರ ಮಧ್ಯೆ ತಿರುವಿ ಟೇಪು ಸುತ್ತಿದ ಒಂದು ಜಾಯಿಂಟು. ಎಲ್ಲ ಅಲ್ಲೇ ಬಿಸಿಯಾಗಿ ಕರಗುತ್ತಿತ್ತು.

ಇದು ಮನೆಯ ಕರೆಂಟಿಗೂ ಗಾಡಿಯ ಕರೆಂಟಿಗೂ ಇರುವ ದೊಡ್ಡ ವ್ಯತ್ಯಾಸ. 230 ವೋಲ್ಟಿನಲ್ಲಿ ಒಂದು ವೋಲ್ಟು ಕಳೆದರೆ ಯಾರಿಗೂ ತಿಳಿಯುವುದಿಲ್ಲ. 12ರಲ್ಲಿ ಒಂದು ಹೋದರೆ ಯಂತ್ರವೇ ನಿಲ್ಲುತ್ತದೆ. ಬ್ಯಾಟರಿಯಿಂದ ಐದು ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲಿ ಸುಮಾರು 1.2 ವೋಲ್ಟ್ ಸೋರುತ್ತದೆ. 4 ಚದರ ಮಿ.ಮೀ. ಹಾಕಿದರೆ ಅರ್ಧ ವೋಲ್ಟಿಗಿಂತ ಕಡಿಮೆ. ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿಯುವ ನಾವು ವೈರಿಗೆ ಮಾತ್ರ ಚೌಕಾಸಿ ಮಾಡುತ್ತೇವೆ. ಕಾಕಾನ ಗಾಡಿಗೆ ದಪ್ಪ ವೈರು ಎಳೆದು, ತುದಿಗೆ ಲಗ್ಗು ಒತ್ತಿಸಿದ ಮೇಲೆ ಅದೇ ಬ್ಯಾಟರಿಯಲ್ಲಿ ಅದೇ ಫ್ರಿಜ್ ರಾತ್ರಿಯಿಡೀ ಓಡಿತು.

ಹಾಗಂತ ಬ್ಯಾಟರಿಯ ಲೆಕ್ಕ ಬೇಡ ಅಂತಲ್ಲ. "ಬ್ಯಾಟ್ರಿ ಅಂದ್ರ ಬೋರ್‌ವೆಲ್ ಅಲ್ರಿ ಕಾಕಾ, ಹಗೇವು" ಅಂದೆ. ಹಗೇವಿನಲ್ಲಿ ತುಂಬಿದಷ್ಟೇ ಜೋಳ. ಫ್ರಿಜ್ 45 ವ್ಯಾಟ್‌ನದು. ಸೆಕೆಗಾಲದಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆ ಅಂತ ಹಿಡಿದರೆ 540 ವ್ಯಾಟ್-ಅವರ್. 20 ವ್ಯಾಟಿನ ಎರಡು ಫ್ಯಾನು ಎಂಟು ತಾಸಿಗೆ 320. ಲೈಟು, ಮೊಬೈಲು ಸೇರಿ 140. ಒಟ್ಟು ಸಾವಿರ. ಕಾಕಾನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ಇದೆ, ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಷ್ಯ ಕುಗ್ಗುತ್ತದೆ. ಅಂದರೆ ಕೈಗೆ ಸಿಗುವುದು 900. ಒಂದು ದಿನಕ್ಕೆ ಸರಿಸುಮಾರು, ಎರಡನೇ ದಿನಕ್ಕೆ ಖಾಲಿ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನಂತೂ ಈ ಕೆಲಸಕ್ಕೆ ಮುಟ್ಟಲೇಬಾರದು. ಅದು ಕ್ಷಣಮಾತ್ರ ಜೋರಾಗಿ ತಳ್ಳಲು ಹುಟ್ಟಿದ್ದು; ರಾತ್ರಿಯಿಡೀ ಫ್ಯಾನು ತಿರುಗಿಸಿದರೆ ಬೆಳಗ್ಗೆ ಮಂದಿ ಗಾಡಿ ನೂಕಬೇಕಾಗುತ್ತದೆ.

ತುಂಬುವುದು ಹೇಗೆ? ಸಾಮಾನ್ಯ ಪ್ರವಾಸದಲ್ಲಿ ಗಾಡಿ ಓಡುತ್ತಲೇ ಬ್ಯಾಟರಿ ತುಂಬುತ್ತದೆ. 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ತಾಸಿಗೆ ಸುಮಾರು 400 ವ್ಯಾಟ್-ಅವರ್ ಬರುತ್ತದೆ, ಮೂರು ತಾಸಿನ ಓಡಾಟ ಸಾಕು. ಆದರೆ ಪಾದಯಾತ್ರೆಯ ಗಾಡಿ ಓಡುವುದೇ ಇಲ್ಲ! ಮಂದಿ ಮೂವತ್ತು ಕಿಲೋಮೀಟರ್ ನಡೆದರೆ ಗಾಡಿ ತಾಸೊಪ್ಪತ್ತಿನಲ್ಲಿ ಮುಂದಿನ ಠಾವಿಗೆ ಹೋಗಿ ನಿಲ್ಲುತ್ತದೆ. ಅದಕ್ಕೇ ಸೋಲಾರ್ ಬೇಕಾಯಿತು. 200 ವ್ಯಾಟಿನ ಪ್ಲೇಟು ನಮ್ಮ ಬಿಸಿಲಿಗೆ ದಿನಕ್ಕೆ 700ರಷ್ಟು ಕೊಡಬಲ್ಲದು. ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂದುಕೊಳ್ಳಬೇಡಿ, ಪ್ಲೇಟು ಕಾದಷ್ಟೂ ಅದರ ಶಕ್ತಿ ಕುಂದುತ್ತದೆ. ಅದನ್ನು ಗಾಡಿಯ ನೆತ್ತಿಗೆ ಬೋಲ್ಟ್ ಹೊಡೆಯುವ ಬದಲು ಮಡಚುವ ಪ್ಲೇಟು ತಂದೆವು. ಗಾಡಿ ಬೇವಿನ ಮರದ ನೆರಳಿಗೆ, ಪ್ಲೇಟು ಬಿಸಿಲಿಗೆ. ಒಳಗಿನವರಿಗೂ ತಂಪು, ಫ್ರಿಜ್ಜಿಗೂ ಕೆಲಸ ಕಡಿಮೆ. ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಕೂತಿವೆ, ಪೆಟ್ಟಿಗೆ ಬೆಲ್ಟಿನಿಂದ ಬಿಗಿದಿದೆ. ಬೇಕಾದಾಗ ಇಳಿಸಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂಬುದೂ ತಲೆಯಲ್ಲಿತ್ತು.

ಒಂದು ವಿಷಯದಲ್ಲಿ ನಾನು ಹಟ ಹಿಡಿದೆ: ಫ್ಯೂಸು. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. "12 ವೋಲ್ಟ್ ಏನ್ ಮಾಡ್ತದ, ಮುಟ್ಟಿದ್ರ ಜುಂ ಅನ್ನಂಗಿಲ್ಲ" ಅಂದರು ಕಾಕಾ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ವೈರು ಕೆಂಡವಾಗುತ್ತದೆ, ಪಕ್ಕದಲ್ಲೇ ಹಾಸಿಗೆ, ಗ್ಯಾಸ್ ಸಿಲಿಂಡರ್. ಫ್ಯೂಸ್ ಕಾಯುವುದು ಯಂತ್ರವನ್ನಲ್ಲ, ವೈರನ್ನು. ಮನೆಯ ಎಂಸಿಬಿಯನ್ನು ಅದರ ಜಾಗಕ್ಕೆ ಹಾಕಬೇಡಿ. ಡಿಸಿ ಕರೆಂಟಿನ ಕಿಡಿಯನ್ನು ಅದು ಆರಿಸುತ್ತದೆಂಬ ಭರವಸೆ ಇಲ್ಲ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಪೆಟ್ಟಿಗೆಯಿಂದ ಹೊರಗೆ ಗಾಳಿಯ ದಾರಿ ಬೇಕು.

ದುರಸ್ತಿ ಅಂಥದ್ದೇನಿಲ್ಲ. ನಮ್ಮ ರಸ್ತೆಯ ಕುಲುಕಿಗೆ ಟರ್ಮಿನಲ್ ನಟ್ಟು ಸಡಿಲಾಗುತ್ತದೆ, ಹೊರಡುವ ಮುನ್ನ ಒಮ್ಮೆ ಬಿಗಿ ಮಾಡುವುದು. ಬಿಚ್ಚುವಾಗ ಮೈನಸ್ ಮೊದಲು. ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ನೀರಿನಿಂದ ಒರೆಸಿ, ಒಣಗಿಸಿ, ವ್ಯಾಸಲೀನ್ ಸವರುವುದು. ಒಳಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರು ಖಂಡಿತ ಬೇಡ.

ಇಷ್ಟೆಲ್ಲ ಆದ ಮೇಲೂ ಕಾಕಿ ಒಂದು ಮಣ್ಣಿನ ಗಡಿಗೆಯನ್ನು ಗಾಡಿಗೆ ಏರಿಸಿದಳು. ಒದ್ದೆ ಉಸುಕಿನ ನಡುವೆ ಸಣ್ಣ ಗಡಿಗೆ, ಅದರೊಳಗೆ ಡಬ್ಬಿ, ಡಬ್ಬಿಯಲ್ಲಿ ಬಳಕೆಯಲ್ಲಿರುವ ಬಾಟಲಿ. ಒಡೆದ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ತಂಪು ಜಾಗದಲ್ಲಿ ತಡೆಯುತ್ತದೆ; ನಿಮ್ಮ ಔಷಧದ ಚೀಟಿಯಲ್ಲಿ ಎಷ್ಟು ಡಿಗ್ರಿ, ಎಷ್ಟು ದಿನ ಎಂದು ಬರೆದಿರುತ್ತದೆ, ಓದಿಕೊಳ್ಳಿ. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಬಾಟಲಿಯನ್ನಂತೂ ಬಳಸಲೇಬಾರದು. ಹೊಸ ವೈರಿನ ಮೇಲೆ ಭರವಸೆ ಇಲ್ಲವಾ ಅಂತ ಕೇಳಿದ್ದಕ್ಕೆ ಕಾಕಿ, "ನಿನ್ ವೈರಿಗೂ ಒಬ್ಬ ಜೊತಿ ಇರ್ಲಿ ತಮ್ಮಾ" ಅಂದಳು.

ಯಾತ್ರೆ ಮುಗಿದ ಮೇಲೆ ಲೆಡ್ ಆಸಿಡ್ ಬ್ಯಾಟರಿಯನ್ನು ತಿಂಗಳುಗಟ್ಟಲೆ ಮೂಲೆಗೆ ಹಾಕಿದರೆ ತಾನಾಗಿಯೇ ಇಳಿದು ಸಾಯುತ್ತದೆ. ಹಾಗಾಗಿ ಪೆಟ್ಟಿಗೆ ಈಗ ಪಡಸಾಲೆಯಲ್ಲಿದೆ. ಸೋಲಾರ್ ಪ್ಲೇಟು ಮಾಳಿಗೆ ಮೇಲೆ. ಕರೆಂಟು ಹೋದಾಗ ಓಣಿಯಲ್ಲಿ ಕಾಕಾನ ಮನೆಯ ಫ್ಯಾನು ತಿರುಗುತ್ತಿರುತ್ತದೆ.